ಊರಿನ ಕ್ಷೇಮವೇ ನಮ್ಮ ಕ್ಷೇಮ

(ಮೇಲಿನ ತರಗತಿಗಳ ವಿದ್ಯಾರ್ಥಿನಿಯರಿಗಾಗಿ ಒಂದು ಪಾಠ)

ದೇವಾರಾಧನೆಯ ಕಾಲದಲ್ಲಿ ದೇಶಕ್ಕಾಗಿಯೂ ದೇಶವನ್ನಾಳುವವರಿಗಾಗಿಯೂ ಪ್ರಾರ್ಥಿಸುವುದು ಕ್ರೈಸ್ತ ಸಭೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿದೆ. ಅಪೊಸ್ತಲನಾದ ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಇದನ್ನು ವಿಧಿಯಾಗಿಯೇ ಬೋಧಿಸಿದ್ದಾನೆ. ನಮ್ಮ ಶಾಲೆಯ ಬೆಳಗಿನ ಕೂಟದಲ್ಲಿಯೂ ಈ ಪ್ರಾರ್ಥನೆ ತಪ್ಪುವುದಿಲ್ಲ. ಆದರೆ ಆಮೆನ್ ಎಂದು ತಲೆಯೆತ್ತಿದ ಮೇಲೆ ನಾವು ಮಾಡತಕ್ಕದ್ದೇನು? ದೇಶದ ಐಕ್ಯ, ಶಾಂತಿ ಎಂಬ ಮಾತುಗಳನ್ನು ಬಾಯಿಯಿಂದ ಹೇಳುವುದು ಸುಲಭ. ಅವುಗಳಿಗಾಗಿ ನಮ್ಮದಾದ ಏನನ್ನಾದರೂ ಬಿಟ್ಟುಕೊಡಬೇಕಾಗಿ ಬಂದಾಗಲೇ ಆ ಮಾತಿನ ತೂಕ ತಿಳಿಯುವುದು.

೨೦೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಕ್ರೈಸ್ತರು ನೂರಕ್ಕೆ ೨.೩ರಷ್ಟು; ಕರ್ನಾಟಕದಲ್ಲಿ ನೂರಕ್ಕೆ ಇಬ್ಬರಿಗೂ ಕಡಿಮೆ. ಇಂಥ ಚಿಕ್ಕ ಸಮಾಜವು ತನ್ನ ಪಾಲನ್ನು ಬೇಲಿ ಹಾಕಿ ಕಾಯ್ದುಕೊಳ್ಳುವುದರಿಂದ ಉಳಿಯುವುದೋ, ಇಡೀ ಊರಿನ ಕ್ಷೇಮಕ್ಕಾಗಿ ದುಡಿಯುವುದರಿಂದ ಉಳಿಯುವುದೋ? ಇದೇ ಈ ಪಾಠದ ಪ್ರಶ್ನೆ. ಇದು ಕ್ರೈಸ್ತ ಹುಡುಗಿಯರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ನಮ್ಮ ಹಿಂದೂ, ಮುಸಲ್ಮಾನ ವಿದ್ಯಾರ್ಥಿನಿಯರು ಎಣಿಸಬಾರದು. ಒಂದು ಊರಿನಲ್ಲಿ ಬಹುಮಂದಿಯಾಗಿರುವವರು ಮತ್ತೊಂದು ಊರಿಗೆ ಹೋದರೆ ಕೆಲವೇ ಮಂದಿಯಾಗುವರು. ಎಲ್ಲಿಯಾದರೂ ಒಂದು ಕಡೆ ಪ್ರತಿಯೊಬ್ಬರೂ ಅಲ್ಪಸಂಖ್ಯಾತರೇ.

೧. ಸೆರೆಯಾಳುಗಳಿಗೆ ಬಂದ ಪತ್ರ

ಯೆರೆಮೀಯನ ಗ್ರಂಥದ ೨೯ನೆಯ ಅಧ್ಯಾಯವನ್ನು ತೆರೆಯಿರಿ. ಕ್ರಿ. ಪೂ. ೫೯೭ರಲ್ಲಿ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಹಿಡಿದು, ಅಲ್ಲಿಯ ಅರಸನನ್ನೂ ಪ್ರಮುಖರನ್ನೂ ಕಮ್ಮಾರರೇ ಮೊದಲಾದ ಕಸಬುದಾರರನ್ನೂ ಸೆರೆಯೊಯ್ದನು. ಪರದೇಶದಲ್ಲಿ ಅವರ ಬಾಳು ಹೇಗಿರಬೇಕು? ಕೆಲವು ಪ್ರವಾದಿಗಳು, ಈ ಸೆರೆ ಬೇಗನೆ ಮುಗಿಯುವುದು, ಆ ನಾಡಿನಲ್ಲಿ ಬೇರೂರಬೇಡಿರಿ ಎಂದು ಜನರಿಗೆ ಹಿತವಾಗುವ ಮಾತನ್ನು ಹೇಳುತ್ತಿದ್ದರು. ಹನನ್ಯನೆಂಬವನು ಎರಡೇ ವರ್ಷವೆಂದು ಗಡುವನ್ನೂ ಕೊಟ್ಟನು.

ಯೆರೆಮೀಯನು ಯೆರೂಸಲೇಮಿನಿಂದ ಬರೆದು ಕಳುಹಿಸಿದ ಪತ್ರದ ತಾತ್ಪರ್ಯವು ಬೇರೆ. ಮನೆ ಕಟ್ಟಿರಿ, ತೋಟ ಹಾಕಿ ಅದರ ಫಲವನ್ನು ಉಣ್ಣಿರಿ, ಮಕ್ಕಳಿಗೆ ಮದುವೆ ಮಾಡಿರಿ ಎಂದು ಅವನು ಹೇಳುತ್ತಾನೆ. ಅದರ ಮೇಲೆ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಹಿತವನ್ನೇ ಬಯಸಿ ಅದಕ್ಕಾಗಿ ದೇವರನ್ನು ಬೇಡಿಕೊಳ್ಳಬೇಕೆಂದೂ, ಅದರ ಹಿತದಲ್ಲಿಯೇ ನಿಮ್ಮ ಹಿತವಿದೆಯೆಂದೂ ತಿಳಿಸುತ್ತಾನೆ. ಇಲ್ಲಿ ಮೂಲ ಇಬ್ರಿಯ ಭಾಷೆಯಲ್ಲಿರುವ ಪದವು ಶಾಲೋಮ್. ಅದಕ್ಕೆ ಜಗಳವಿಲ್ಲದಿರುವುದು ಎಂಬಷ್ಟೇ ಅರ್ಥವಲ್ಲ. ಆರೋಗ್ಯ, ನೆಮ್ಮದಿ, ನ್ಯಾಯ, ಕೊರತೆಯಿಲ್ಲದ ಬಾಳು ಎಲ್ಲವೂ ಅದರಲ್ಲಿ ಅಡಗಿವೆ. ಕನ್ನಡದ ಕ್ಷೇಮವೆಂಬ ಮಾತು ಅದಕ್ಕೆ ಸಮೀಪವಾದುದು.

ಈ ಪತ್ರವನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಭಾರತದ ಕ್ರೈಸ್ತರು ಇಲ್ಲಿ ಸೆರೆಯಾಳುಗಳೂ ಅಲ್ಲ, ಪರದೇಶಿಗಳೂ ಅಲ್ಲ. ಇದು ನಮ್ಮ ಹಿರಿಯರು ಹುಟ್ಟಿ ಮಣ್ಣಾದ ನಾಡು. ವೈರಿಯ ಪಟ್ಟಣದಲ್ಲಿ ಸೆರೆಯಿದ್ದವರಿಗೇ ಆ ಪಟ್ಟಣದ ಕ್ಷೇಮವನ್ನು ಬಯಸಬೇಕೆಂಬ ಅಪ್ಪಣೆಯಾಗಿದ್ದರೆ, ಹುಟ್ಟಿದ ಊರಿನಲ್ಲಿ ನೆರೆಹೊರೆಯವರ ನಡುವೆ ಬಾಳುವ ನಮಗೆ ಅದು ಎಷ್ಟು ಪಾಲು ಹೆಚ್ಚಾಗಿ ಸಲ್ಲುವುದೆಂಬುದನ್ನು ನೀವೇ ಯೋಚಿಸಿರಿ.

೨. ಗೂಡಿನ ಮಾರುಕಟ್ಟೆ ಕಲಿಸುವ ಪಾಠ

ಊರಿನ ಕ್ಷೇಮವೇ ನಮ್ಮ ಕ್ಷೇಮವೆಂಬುದು ಬರಿಯ ಉಪದೇಶವೆಂದು ತೋರಿದರೆ ನಮ್ಮ ಸೀಮೆಯ ರೇಷ್ಮೆಯ ಕಸಬನ್ನು ನೋಡಬೇಕು. ಮರಳವಾಡಿಯ ಸುತ್ತಿನ ಹಳ್ಳಿಗಳಿಂದ ಬರುವ ನಿಮ್ಮಲ್ಲಿ ಅನೇಕರು ಶಾಲೆಗೆ ಹೊರಡುವ ಮುಂಚೆ ಹಿಪ್ಪುನೇರಳೆ ಸೊಪ್ಪನ್ನು ಕೊಯ್ದು ಹುಳುಗಳಿಗೆ ಹಾಕಿ ಬಂದವರೇ. ಹುಳುಗಳು ಹಣ್ಣಾಗಿ, ಚಂದ್ರಿಕೆಯ ಮೇಲೆ ಗೂಡು ಕಟ್ಟಿದ ಮೇಲೆ ಅವನ್ನು ಬಹಳ ದಿನ ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ. ಒಳಗಿನ ಚಿಟ್ಟೆ ಗೂಡನ್ನು ತೂತುಮಾಡಿ ಹೊರಟರೆ ಎಳೆ ಕಡಿದುಹೋಗುವುದು. ಆ ಗೂಡಿಗೆ ಬೆಲೆಯಿಲ್ಲ. ಆದುದರಿಂದ ಗೂಡು ಬಿಡಿಸಿದೊಡನೆ ಅದನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವರು. ಅದು ಏಷ್ಯಾಖಂಡದಲ್ಲಿಯೇ ದೊಡ್ಡ ಗೂಡಿನ ಮಾರುಕಟ್ಟೆಯೆಂದು ಹೆಸರಾದುದು.

ಅಲ್ಲಿ ಗೂಡು ತರುವವರಲ್ಲಿ ಹೆಚ್ಚಿನವರು ಹಿಂದೂ ಒಕ್ಕಲಿಗರು. ಕೊಂಡು ನೂಲು ಬಿಚ್ಚುವವರಲ್ಲಿ ಮುಸಲ್ಮಾನರು ಬಹುಮಂದಿ. ಒಬ್ಬರ ಕೈ ನಿಂತರೆ ಮತ್ತೊಬ್ಬರ ಒಲೆ ಉರಿಯದು. ಊರಿನಲ್ಲಿ ಗಲಭೆಯೆದ್ದು ಮೂರು ದಿನ ಮಾರುಕಟ್ಟೆ ಮುಚ್ಚಿತೆಂದು ಎಣಿಸಿಕೊಳ್ಳಿರಿ. ಗೂಡು ಯಾವ ಧರ್ಮದವರದೆಂದು ಚಿಟ್ಟೆ ಕೇಳುವುದಿಲ್ಲ. ರೈತನ ತಿಂಗಳ ದುಡಿಮೆಯೂ ಹಾಳು, ನೂಲಿನವನ ಬಾಣಲೆಯೂ ಬರಿದು, ಅವನಲ್ಲಿ ಕೂಲಿ ಮಾಡುವ ಹೆಂಗಸಿನ ಮಕ್ಕಳಿಗೆ ಅನ್ನವೂ ಇಲ್ಲ.

ಬಿಚ್ಚುವ ಕೆಲಸದಲ್ಲಿಯೇ ಮತ್ತೊಂದು ಸೂಕ್ಷ್ಮವುಂಟು. ಒಂದು ಗೂಡಿನ ಎಳೆ ಬಹಳ ಉದ್ದವಾದರೂ ಅದು ಮಗ್ಗಕ್ಕೆ ತಡೆಯಲಾರದಷ್ಟು ತೆಳುವು. ಏಳೆಂಟು ಗೂಡುಗಳ ಎಳೆಗಳನ್ನು ಬಿಸಿನೀರಿನಿಂದ ಒಟ್ಟಿಗೆ ಎತ್ತಿ ಕೂಡಿಸಿದಾಗಲೇ ಅದು ನೂಲಾಗುವುದು. ಕೂಡಿದ ಮೇಲೆಯೂ ಪ್ರತಿಯೊಂದು ಎಳೆ ತಾನು ಎಳೆಯಾಗಿಯೇ ಇರುವುದು. ದೇಶದ ಐಕ್ಯವೆಂದರೆ ಎಲ್ಲರೂ ಒಂದೇ ಬಗೆಯವರಾಗಬೇಕೆಂದಲ್ಲ. ಭಾರವನ್ನು ಕೂಡಿ ಹೊರಬೇಕೆಂದು.

೩. ೧೯೪೯ರ ಒಂದು ನಿರ್ಧಾರ

ಮಾರುಕಟ್ಟೆಯಲ್ಲಿ ಸಹಜವಾಗಿ ಕಾಣುವ ಈ ನೀತಿಯನ್ನು ರಾಜ್ಯಾಂಗದಲ್ಲಿ ನಡೆಸಿ ತೋರಿಸುವುದು ಅಷ್ಟು ಸುಲಭವಾಗಿರಲಿಲ್ಲ. ಅದರ ಕಥೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತಿಳಿದಿರಬೇಕು.

೧೯೦೯ರ ಮಾರ್ಲೆ-ಮಿಂಟೋ ಸುಧಾರಣೆಯಿಂದ ಮುಸಲ್ಮಾನರಿಗೆ ಪ್ರತ್ಯೇಕ ಚುನಾವಣೆಯ ಹಕ್ಕು ದೊರೆಯಿತು. ೧೯೧೯ರ ಸುಧಾರಣೆಯಲ್ಲಿ ಮದ್ರಾಸ್ ಪ್ರಾಂತದ ಭಾರತೀಯ ಕ್ರೈಸ್ತರಿಗೂ ಅದು ಬಂದಿತು. ೧೯೩೫ರ ಶಾಸನವು ಇದನ್ನು ಇನ್ನಷ್ಟು ವಿಸ್ತರಿಸಿತು. ಪ್ರತ್ಯೇಕ ಚುನಾವಣೆಯೆಂದರೆ ಒಂದು ಮತದವರು ತಮ್ಮ ಮತದ ಅಭ್ಯರ್ಥಿಗೆ ಮಾತ್ರ ಓಟು ಕೊಡುವ ಏರ್ಪಾಡು. ಹೀಗೆ ಆರಿಸಿ ಬಂದವನಿಗೆ ನೆರೆಮನೆಯವನ ಓಟು ಬೇಕಿಲ್ಲ. ಬೇಕಿಲ್ಲದ ಮೇಲೆ ಅವನ ಬಾವಿ ಬತ್ತಿದೆಯೇ, ಅವನ ಮಗುವಿಗೆ ಶಾಲೆಯಿದೆಯೇ ಎಂದು ಕೇಳುವ ಕಾರಣವೂ ಇಲ್ಲ. ನೆರೆಯವನ ಪ್ರತಿನಿಧಿಗೆ ನಾವು ಬೇಕಾಗುವುದೂ ಇಲ್ಲ.

ಈ ಅಪಾಯವನ್ನು ಕಂಡ ಕ್ರೈಸ್ತರು ಮೊದಲಿನಿಂದಲೂ ಇದ್ದರು. ಸೇಲಂ ಊರಿನವರಾದ ಕೆ. ಟಿ. ಪಾಲ್ ಅವರು ವೈ. ಎಂ. ಸಿ. ಎ. ಸಂಸ್ಥೆಯ ರಾಷ್ಟ್ರೀಯ ಮಂಡಲಿಗೆ ಭಾರತೀಯರಲ್ಲಿ ಮೊದಲನೆಯ ಪ್ರಧಾನ ಕಾರ್ಯದರ್ಶಿಗಳಾಗಿದ್ದವರು. ೧೯೩೦ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋಗಿ ಅವರು ಪ್ರತ್ಯೇಕ ಚುನಾವಣೆಯನ್ನು ವಿರೋಧಿಸಿದರು. ಮರುವರ್ಷ ಎಸ್. ಕೆ. ದತ್ತರವರೂ ಹಾಗೆಯೇ ಮಾಡಿದರು. ಕ್ರೈಸ್ತರೆಲ್ಲರೂ ಒಂದೇ ಅಭಿಪ್ರಾಯದವರಾಗಿದ್ದರೆಂದು ಹೇಳುವುದು ಸತ್ಯಕ್ಕೆ ದೂರ. ಎ. ಟಿ. ಪನ್ನೀರ್‌ಸೆಲ್ವಂ ಅವರಂಥ ಮುಖಂಡರು ಚಿಕ್ಕ ಸಮಾಜಕ್ಕೆ ಪ್ರತ್ಯೇಕ ಹಕ್ಕೇ ರಕ್ಷೆಯೆಂದು ನಂಬಿದ್ದರು. ಆ ಭಯವನ್ನು ಹಗುರವಾಗಿ ತಳ್ಳಿಹಾಕಲಾಗದು.

ಸ್ವಾತಂತ್ರ್ಯ ಬಂದ ಮೇಲೆ, ೧೯೪೭ರ ಆಗಸ್ಟ್ ತಿಂಗಳಿನಲ್ಲಿ, ರಾಜ್ಯಾಂಗ ರಚನಾ ಸಭೆಯು ಪ್ರತ್ಯೇಕ ಚುನಾವಣೆಯನ್ನು ರದ್ದುಮಾಡಿತು. ಆದರೆ ಅಲ್ಪಸಂಖ್ಯಾತ ಮತದವರಿಗೆ ಶಾಸನಸಭೆಗಳಲ್ಲಿ ಕೆಲವು ಸ್ಥಾನಗಳನ್ನು ಮೀಸಲಿಡುವ ಯೋಚನೆ ಉಳಿದಿತ್ತು. ಈ ವಿಷಯವನ್ನು ಆಲೋಚಿಸುವ ಸಲಹಾ ಸಮಿತಿಗೆ ಸರ್ದಾರ್ ವಲ್ಲಭಭಾಯಿ ಪಟೇಲರು ಅಧ್ಯಕ್ಷರು. ಅದರ ಅಲ್ಪಸಂಖ್ಯಾತರ ಉಪಸಮಿತಿಗೆ ಬಂಗಾಳದ ಕ್ರೈಸ್ತರಾದ ಹರೇಂದ್ರ ಕುಮಾರ ಮುಖರ್ಜಿಯವರು ಅಧ್ಯಕ್ಷರು. ಮುಖರ್ಜಿಯವರು ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದವರು, ರಾಜ್ಯಾಂಗ ರಚನಾ ಸಭೆಯ ಉಪಾಧ್ಯಕ್ಷರು. ೧೯೪೯ನೆಯ ಮೇ ತಿಂಗಳಿನಲ್ಲಿ, ಮತದ ಆಧಾರದ ಮೇಲೆ ಸ್ಥಾನ ಮೀಸಲು ಬೇಡವೆಂಬ ನಿರ್ಣಯವನ್ನು ಸಲಹಾ ಸಮಿತಿಯಲ್ಲಿ ಮಂಡಿಸಿದವರು ಅವರೇ. ಮೇ ೨೫, ೨೬ನೆಯ ತಾರೀಖುಗಳಲ್ಲಿ ಚರ್ಚೆ ನಡೆದು ರಾಜ್ಯಾಂಗ ರಚನಾ ಸಭೆಯು ಅದನ್ನು ಅಂಗೀಕರಿಸಿತು. ಶತಮಾನಗಳ ಅನ್ಯಾಯವನ್ನುಂಡ ಪರಿಶಿಷ್ಟ ಜಾತಿಗಳಿಗೂ ಪಂಗಡಗಳಿಗೂ ಮೀಸಲು ಉಳಿಯಿತು. ಅದು ಉಳಿಯತಕ್ಕದ್ದೇ ಆಗಿತ್ತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಜೆರೋಮ್ ಡಿ'ಸೋಜರವರೂ ಆ ಸಭೆಯ ಸದಸ್ಯರಾಗಿದ್ದರೆಂಬುದನ್ನು ನೆನಪಿನಲ್ಲಿಡಿರಿ.

ಇದರಿಂದ ನಷ್ಟವೇನೂ ಆಗಲಿಲ್ಲವೆಂದು ನಾವು ಹೇಳಲಾರೆವು. ಮೀಸಲು ಸ್ಥಾನವೆಂದರೆ ಖಾತರಿಯಾದ ಸ್ಥಾನ. ಅದನ್ನು ಬಿಟ್ಟವರಿಗೆ ಖಾತರಿಯಿಲ್ಲ. ಆದರೆ ಪಡೆದುದೂ ಉಂಟು. ಕನಕಪುರ ತಾಲ್ಲೂಕಿನಿಂದ ಆರಿಸಿ ಬಂದವರು ಹಾರೋಬೆಲೆಯ ಕ್ರೈಸ್ತರಿಗೂ ನೆರೆಯ ಹಳ್ಳಿಯ ಹಿಂದೂಗಳಿಗೂ ಸಮನಾಗಿ ಉತ್ತರ ಹೇಳಬೇಕಾದವರು. ಒಂದೆರಡು ಪ್ರತಿನಿಧಿಗಳನ್ನು ಬಿಟ್ಟುಕೊಟ್ಟ ಸಮಾಜಕ್ಕೆ ಎಲ್ಲ ಪ್ರತಿನಿಧಿಗಳನ್ನೂ ಕೇಳುವ ಹಕ್ಕು ಬಂದಿತು.

ನಂಬಿಕೆಯು ಒಂದೇ ಕಡೆಯಿಂದ ಬರಲಿಲ್ಲ. ೧೯೪೮ರ ಡಿಸೆಂಬರಿನಲ್ಲಿ, ತನ್ನ ಧರ್ಮವನ್ನು ಪ್ರಚಾರಮಾಡುವ ಹಕ್ಕು ರಾಜ್ಯಾಂಗದಲ್ಲಿರಬೇಕೇ ಎಂಬ ಚರ್ಚೆ ನಡೆದಾಗ ಆ ಹಕ್ಕಿನ ಪರವಾಗಿ ಎದ್ದು ನಿಂತವರಲ್ಲಿ ಹಿಂದೂ ಸದಸ್ಯರು ಹಲವರಿದ್ದರು. ಅವರಲ್ಲೊಬ್ಬರಾದ ಟಿ. ಟಿ. ಕೃಷ್ಣಮಾಚಾರಿಯವರು, ತಾವು ಸುಮಾರು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದುದಾಗಿಯೂ, ತಮ್ಮನ್ನು ಮತಾಂತರಿಸಲು ಅಲ್ಲಿ ಯಾರೂ ಯತ್ನಿಸಲಿಲ್ಲವೆಂದೂ ಸಾಕ್ಷಿ ಹೇಳಿದರು. ಮಿಶನ್ ಶಾಲೆಯಲ್ಲಿ ಪಾಠ ಹೇಳುವ ನಮಗೆ ಈ ಮಾತು ಬಹಳ ಮುಖ್ಯವಾದುದು. ಹೆಸರು ತಿಳಿಯದ ಉಪಾಧ್ಯಾಯರ ಹದಿನಾಲ್ಕು ವರ್ಷಗಳ ನೇರವಾದ ನಡತೆಯು ದೇಶದ ರಾಜ್ಯಾಂಗ ಬರೆಯುವ ದಿನ ಸಾಕ್ಷಿಯಾಗಿ ನಿಂತಿತು.

೪. ಕನ್ನಡ ನಾಡಿನ ಒಂದು ನಿದರ್ಶನ

ಮೀಸಲಿಲ್ಲದೆ ದೊರೆಯುವ ಗೌರವ ಎಂಥದೆಂಬುದನ್ನು ತಿಳಿಯಲು ಅದೇ ೧೯೪೯ನೆಯ ಇಸವಿಯಲ್ಲಿ ಕಲಬುರ್ಗಿಗೆ ಹೋಗೋಣ. ಅಲ್ಲಿ ನಡೆದ ೩೨ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದ ರೆವರೆಂಡ್ ಚನ್ನಪ್ಪ ಉತ್ತಂಗಿಯವರು. ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೇವಶಾಸ್ತ್ರವನ್ನು ಕಲಿತ ಅವರು ಊರೂರು ತಿರುಗಿ, ಜನರ ಬಾಯಲ್ಲಿದ್ದುದನ್ನೂ ಓಲೆಗರಿಗಳಲ್ಲಿದ್ದುದನ್ನೂ ಕೂಡಿಹಾಕಿ, ಪಾಠಗಳನ್ನು ಹೋಲಿಸಿ ನೋಡಿ, ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಶಿವಶರಣರ ಅನುಭವ ಮಂಟಪದ ವಿಷಯದಲ್ಲಿಯೂ ಬಹಳ ಪರಿಶ್ರಮಪಟ್ಟರು. ತಮ್ಮನ್ನು ತಿರುಳ್ಗನ್ನಡದ ತಿರುಕನೆಂದು ಕರೆದುಕೊಂಡರು.

ಉತ್ತಂಗಿಯವರು ಕ್ರಿಸ್ತನ ಸೇವೆಯನ್ನು ಬಿಡಲಿಲ್ಲ. ತಮ್ಮ ನಂಬಿಕೆಯನ್ನು ಮರೆಮಾಡಲೂ ಇಲ್ಲ. ನೆರೆಯವರ ನಿಧಿಯು ಧೂಳಿನಲ್ಲಿ ಬಿದ್ದಿರುವುದನ್ನು ಕಂಡು ಎತ್ತಿ ಒರಸಿ ನಾಡಿಗೆ ಒಪ್ಪಿಸುವುದೂ ಆ ಸೇವೆಯೊಳಗೇ ಸೇರಿದೆಯೆಂದು ತಿಳಿದರು. ಹೈದರಾಬಾದು ಸಂಸ್ಥಾನವು ಭಾರತಕ್ಕೆ ಸೇರಿ ಇನ್ನೂ ಹೆಚ್ಚು ಕಾಲ ಸಂದಿರಲಿಲ್ಲ. ಕನ್ನಡಿಗರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹರಿದು ಹಂಚಿಹೋಗಿದ್ದರು. ಅವರು ಒಂದು ರಾಜ್ಯವಾಗಿ ಕೂಡಿದುದು ೧೯೫೬ರ ನವೆಂಬರ್ ೧ರಂದು. ಅಂಥ ಸಮಯದಲ್ಲಿ ಕನ್ನಡಿಗರು ತಮ್ಮ ಸಾಹಿತ್ಯದ ಅತ್ಯುನ್ನತ ಪೀಠದಲ್ಲಿ ಒಬ್ಬ ಸಭಾಪಾಲಕರನ್ನು ಕೂರಿಸಿದರು. ಆ ಪೀಠಕ್ಕೆ ಯಾವ ಮೀಸಲೂ ಇರಲಿಲ್ಲ. ನಾಡಿಗಾಗಿ ಮಾಡಿದ ದುಡಿಮೆಯೇ ಅದನ್ನು ತಂದುಕೊಟ್ಟಿತು.

ತಮ್ಮೊಳಗೇ ಒಡೆದುಕೊಂಡವರು ಇತರರಿಗೆ ಐಕ್ಯವನ್ನು ಬೋಧಿಸಲಾರರೆಂಬುದೂ ಆ ಕಾಲದ ಹಿರಿಯರಿಗೆ ತಿಳಿದಿತ್ತು. ಸ್ವಾತಂತ್ರ್ಯ ಬಂದ ಆರು ವಾರಗಳಲ್ಲಿ, ೧೯೪೭ರ ಸೆಪ್ಟೆಂಬರ್ ೨೭ರಂದು, ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಶನಲ್ ಪರಂಪರೆಗಳ ಸಭೆಗಳು ಮದ್ರಾಸಿನಲ್ಲಿ ಕೂಡಿ ದಕ್ಷಿಣ ಭಾರತ ಸಭೆಯಾದುವು. ಯೂರೋಪಿನಲ್ಲಿ ಹುಟ್ಟಿದ ಜಗಳಗಳನ್ನು ಇಲ್ಲಿ ಮುಂದುವರಿಸುವುದಿಲ್ಲವೆಂಬುದೇ ಅದರ ತಾತ್ಪರ್ಯ.

೫. ಶಾಂತಿಯೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ

ಇಷ್ಟನ್ನು ಕೇಳಿದ ಮೇಲೆ ಒಂದು ಆಕ್ಷೇಪಣೆ ಹುಟ್ಟುವುದು ಸಹಜ. ೨೦೦೮ನೆಯ ಸೆಪ್ಟೆಂಬರ್ ೧೪ರಂದು ಮಂಗಳೂರು ಮೊದಲಾದ ಕಡೆಗಳಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದುವು. ಬಿಟ್ಟುಕೊಟ್ಟವರಿಗೆ ದೊರೆತ ಪ್ರತಿಫಲ ಇದೇ ಏನು ಎಂದು ಯಾರಾದರೂ ಕೇಳಬಹುದು.

ಇದಕ್ಕೂ ಯೆರೆಮೀಯನಲ್ಲಿಯೇ ಉತ್ತರವಿದೆ. ಪಟ್ಟಣದ ಕ್ಷೇಮವನ್ನು ಬಯಸಬೇಕೆಂದ ಪ್ರವಾದಿಯೇ, ಗಾಯವು ಒಳಗೆ ಕೊಳೆಯುತ್ತಿರುವಾಗ ಎಲ್ಲವೂ ಸಮಾಧಾನವಾಗಿದೆಯೆಂದು ಹೇಳಿ ಜನರನ್ನು ಮರುಳುಗೊಳಿಸಿದವರನ್ನು ಕಠಿನವಾಗಿ ಖಂಡಿಸಿದ್ದಾನೆ. ಅನ್ಯಾಯವನ್ನು ಕಂಡು ಸುಮ್ಮನಿರುವುದು ಶಾಂತಿಯಲ್ಲ. ಅನ್ಯಾಯಕ್ಕೆ ಅನ್ಯಾಯವನ್ನೇ ಹಿಂತಿರುಗಿಸುವುದೂ ಶಾಂತಿಯಲ್ಲ. ಕಾನೂನಿನ ಬಾಗಿಲನ್ನು ತಟ್ಟುವುದು, ಕಂಡುದನ್ನು ಕಂಡಂತೆ ಹೇಳುವುದು, ಸೇಡನ್ನು ದೇವರಿಗೆ ಬಿಡುವುದು, ಇವು ಪೌರಳಾದ ಕ್ರೈಸ್ತಳ ದಾರಿ. ರಾಜ್ಯಾಂಗದ ೨೫ನೆಯ ಅನುಚ್ಛೇದವು ಕೊಟ್ಟ ಮನಸ್ಸಾಕ್ಷಿಯ ಸ್ವಾತಂತ್ರ್ಯವು ನಮಗೆ ಮಾತ್ರ ಸೇರಿದುದಲ್ಲ. ಆದುದರಿಂದ ಮಸೀದಿಗೋ ದೇವಸ್ಥಾನಕ್ಕೋ ಕಲ್ಲು ಬಿದ್ದ ದಿನವೂ ನಮ್ಮ ಪ್ರಾರ್ಥನಾಲಯಕ್ಕೆ ಬಿದ್ದಷ್ಟೇ ನೋವು ನಮಗಾಗಬೇಕು. ದಾರಿಯಲ್ಲಿ ಗಾಯಗೊಂಡು ಬಿದ್ದವನ ಮತವನ್ನು ವಿಚಾರಿಸದೆ ಅವನನ್ನು ಎತ್ತಿಕೊಂಡು ಹೋದ ಸಮಾರ್ಯದವನ ಸಾಮ್ಯವನ್ನು ನಮ್ಮ ಕರ್ತನು ಹೇಳಿದುದು ಇದಕ್ಕಾಗಿಯೇ ಅಲ್ಲವೇ?

೬. ಹುಡುಗಿಯರ ಪಾಲಿನ ಕೆಲಸ

ಬೆಂಗಳೂರಿನ ವಿಧಾನಸೌಧದ ಮುಂಭಾಗದಲ್ಲಿ, ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ೧೯೫೬ರಲ್ಲಿ ಮುಗಿದ ಆ ಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ನಮ್ಮ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯವರು. ರಾಜ್ಯಾಂಗ ರಚನಾ ಸಭೆಯಲ್ಲಿಯೂ ಸದಸ್ಯರಾಗಿದ್ದವರು. ಆ ಮಾತು ಅಧಿಕಾರಿಗಳಿಗೆ ಮಾತ್ರ ಹೇಳಿದುದೆಂದು ತಿಳಿಯಬಾರದು. ಪ್ರಜಾರಾಜ್ಯದಲ್ಲಿ ಓಟು ಹಾಕುವ ಪ್ರತಿಯೊಬ್ಬಳೂ ಸರ್ಕಾರದ ಕೆಲಸದಲ್ಲಿ ಪಾಲುಗಾತಿಯೇ.

ನಿಮಗೆ ಹದಿನೆಂಟು ತುಂಬಿದೊಡನೆ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಬೇಕು. ೧೯೮೯ರವರೆಗೆ ಈ ಹಕ್ಕಿಗೆ ಇಪ್ಪತ್ತೊಂದು ವರ್ಷ ಕಾಯಬೇಕಾಗಿತ್ತು. ಓಟಿಗೆ ಸೀರೆಯನ್ನಾಗಲಿ ಹಣವನ್ನಾಗಲಿ ತೆಗೆದುಕೊಳ್ಳುವುದು ನೆರೆಯವರ ಕ್ಷೇಮವನ್ನು ಮಾರಿದಂತೆ. ಅಭ್ಯರ್ಥಿಯು ನಮ್ಮ ಜಾತಿಯವನೇ, ನಮ್ಮ ಸಭೆಯವನೇ ಎಂದು ಮಾತ್ರ ನೋಡಿ ಓಟು ಕೊಡುವುದಾದರೆ, ೧೯೪೯ರಲ್ಲಿ ಹಿರಿಯರು ಕೆಡವಿದ ಗೋಡೆಯನ್ನು ನಾವೇ ನಮ್ಮ ಮನಸ್ಸಿನಲ್ಲಿ ಮತ್ತೆ ಕಟ್ಟಿದಂತಾಗುವುದು.

ಹದಿನೆಂಟರವರೆಗೆ ಸುಮ್ಮನಿರಬೇಕೆಂದೇನೂ ಇಲ್ಲ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ಶಾಲೆಯ ಹೊತ್ತಿಗೆ ಬಸ್ಸಿಲ್ಲ, ಬೀದಿದೀಪ ಕೆಟ್ಟಿದೆ, ಶೌಚಾಲಯಕ್ಕೆ ನೀರಿಲ್ಲ ಎಂಬುದನ್ನು ಅಲ್ಲಿ ಎದ್ದುನಿಂತು ಮರ್ಯಾದೆಯಿಂದಲೂ ಧೈರ್ಯದಿಂದಲೂ ಹೇಳಿರಿ. ನಮ್ಮ ಬೀದಿಯ ವಿಷಯ ಮುಗಿದೊಡನೆ ಕುಳಿತುಕೊಳ್ಳದೆ ಮುಂದಿನ ಬೀದಿಯ ವಿಷಯವನ್ನೂ ಎತ್ತಿರಿ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲಾಗಿವೆ; ನಾಳೆ ಆ ಕುರ್ಚಿಗಳಲ್ಲಿ ಕೂರುವವರು ನೀವೇ.

ರಾಜ್ಯಾಂಗಕ್ಕೆ ೧೯೭೬ರಲ್ಲಿ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ ಸೋದರಭಾವವನ್ನು ಬೆಳೆಸುವುದೂ, ನದಿಗಳನ್ನು ಕಾಪಾಡುವುದೂ, ಸಾರ್ವಜನಿಕ ಸ್ವತ್ತನ್ನು ರಕ್ಷಿಸುವುದೂ ಅಕ್ಕಪಕ್ಕದಲ್ಲಿವೆ. ಇವು ಒಂದಕ್ಕೊಂದು ದೂರವಾದ ವಿಷಯಗಳೆಂದು ತೋರಬಹುದು. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿಯು ಅರ್ಕಾವತಿಗೆ ಸೇರಿ ನಮ್ಮ ತಾಲ್ಲೂಕಿನಲ್ಲಿ ಹರಿಯುವುದನ್ನು ನೋಡಿದವರಿಗೆ ಅವುಗಳ ಸಂಬಂಧ ತಿಳಿಯುವುದು. ಮೇಲಿನ ಊರು ಕೆಳಗಿನ ಊರನ್ನು ಮರೆತುದರ ಫಲ ಅದು. ನಾವೂ ನಮ್ಮ ಕೆಳಗಿನ ಊರನ್ನು ಮರೆಯುತ್ತಿದ್ದೇವೆಯೇ ಎಂದು ನೋಡಿಕೊಳ್ಳಬೇಕು.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಯೆರೆಮೀಯ ೨೯ನೆಯ ಅಧ್ಯಾಯದ ಮೊದಲಿನ ಹದಿನಾಲ್ಕು ವಚನಗಳನ್ನು ಓದಿರಿ. ಸೆರೆಯಾಳುಗಳು ಮಾಡಬೇಕೆಂದು ಪ್ರವಾದಿಯು ಹೇಳಿದ ಕೆಲಸಗಳನ್ನು ಸ್ವಂತ ಮಾತಿನಲ್ಲಿ ಬರೆಯಿರಿ.

೨. ಪ್ರತ್ಯೇಕ ಚುನಾವಣೆಗೂ ಮೀಸಲು ಸ್ಥಾನಕ್ಕೂ ಇರುವ ವ್ಯತ್ಯಾಸವೇನು? ೧೯೪೯ರ ನಿರ್ಧಾರದ ಪರವಾಗಿ ಇಬ್ಬರೂ ವಿರುದ್ಧವಾಗಿ ಇಬ್ಬರೂ ತರಗತಿಯಲ್ಲಿ ಮಾತನಾಡಿರಿ.

೩. ನಿಮ್ಮ ಮನೆಯಲ್ಲಿ ಬೆಳೆದ ಒಂದು ಗೂಡು ಸೀರೆಯಾಗುವವರೆಗೆ ಯಾವ ಯಾವ ಸಮಾಜದವರ ಕೈಗಳನ್ನು ದಾಟುವುದೆಂದು ಹಿರಿಯರನ್ನು ಕೇಳಿ ತಿಳಿಯಿರಿ.

೪. ನಿಮ್ಮ ಊರಿನಲ್ಲಿ ನಿಮ್ಮ ಮತದವರಲ್ಲದ ಒಂದು ಮನೆಗೆ ಈ ವಾರ ಯಾವ ಸಹಾಯ ಬೇಕಾಗಿದೆ? ಅದನ್ನು ಮಾಡಿ, ಆಮೇಲೆ ಬರೆಯಿರಿ.

ಈ ನಾಲ್ಕನೆಯ ಪ್ರಶ್ನೆಗೆ ನಾವು ಅಂಕ ಕೊಡುವುದಿಲ್ಲ. ಅದರ ಉತ್ತರವನ್ನು ತಿದ್ದುವ ಅಧಿಕಾರವು ಆ ನೆರೆಮನೆಯವರಿಗೆ ಸೇರಿದ್ದು. ಕೃಪಾಳುವಾದ ದೇವರು ನಮ್ಮ ಊರಿಗೂ ನಾಡಿಗೂ ದೇಶಕ್ಕೂ ಕ್ಷೇಮವನ್ನು ದಯಪಾಲಿಸಲಿ. ಆ ಕ್ಷೇಮಕ್ಕಾಗಿ ದುಡಿಯುವ ಮನಸ್ಸನ್ನು ನಮ್ಮ ಹುಡುಗಿಯರೆಲ್ಲರಿಗೂ ಕೊಡಲಿ.